ಹೊಸ ಮನೆಯ ಹಾಲು ಎರಡು ಸಲ ಉಕ್ಕಿತು

ನನ್ನ ಮೊಮ್ಮಗಳ ಮನೆಗೆ ಬಾಡಿಗೆಯವರು ಸಿಕ್ಕಿದರು! ಬುಧವಾರ ಸಾಮಾನು ತರುತ್ತಾರಂತೆ. ಮಾತು ಆಯಿತು, ಅಡ್ವಾನ್ಸ್ ಕೊಟ್ಟಾಯಿತು, ಬೀಗದ ಕೈ ಕೊಡುವುದೊಂದು ಬಾಕಿ. ಈವತ್ತು ಬೆಳಿಗ್ಗೆ ಸುಂಟಿಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಗುರುತಿನವರಿಗೂ ಹೇಳಿದೆ, ಗುರುತಿಲ್ಲದವರಿಗೂ ಹೇಳಿದೆ. ಒಬ್ಬರು ಪಾಪ, "ಎಲ್ಲಿಗೆ ಹೋಗ್ಬೇಕು ಅಜ್ಜಿ, ಮಡಿಕೇರಿ ಬಸ್ಸಾ?" ಅಂತ ಕೇಳಿದರು. ಎಲ್ಲಿಗೂ ಇಲ್ಲಪ್ಪ, ಸುದ್ದಿ ಹೇಳೋಕೆ ನಿಂತಿದ್ದೀನಿ ಅಂದೆ.

ಇದರಲ್ಲಿ ಇಷ್ಟು ಖುಷಿ ಯಾಕೆ ಅಂತ ನನಗೇ ಪೂರ್ತಿ ಅರ್ಥವಾಗಿಲ್ಲ. ಮನೆ ನಮ್ಮ ಹುಡುಗಿ ತೆಗೆದುಕೊಂಡದ್ದು. ಅದರೊಳಗೆ ಇರುವವರು ಬೇರೆಯವರು. ನಾವು ಹಳೆಯ ಮನೆಯಲ್ಲೇ ಇರುವುದು. ಇದಕ್ಕೆ ಸಂತೋಷಪಡಬೇಕು ಅಂದರು, ಪಡುತ್ತಿದ್ದೇನೆ. ಹೊಟ್ಟೆಯೊಳಗೆ ಹಿಡಿಸಲಾರದಷ್ಟು ಪಡುತ್ತಿದ್ದೇನೆ. ಆದರೆ ನಿನ್ನೆ ಭಾನುವಾರ ಆದದ್ದನ್ನು ನೆನೆಸಿಕೊಂಡರೆ ಇನ್ನೂ ತಲೆ ಗಿರ್ ಅನ್ನುತ್ತದೆ. ನನಗೆ ಬರೆಯಲು ಬರುವಷ್ಟು ಬರೆಯುತ್ತೇನೆ. ನಾಲ್ಕನೇ ಕ್ಲಾಸು ಮುಗಿಯುವ ಮೊದಲೇ ತೋಟದ ಕೆಲಸಕ್ಕೆ ಬಿದ್ದವಳು ನಾನು.

ನಾನು ಮದುವೆಯಾಗಿ ಬಂದದ್ದು ಚೆಟ್ಟಳ್ಳಿ ಕಡೆಯ ಒಂದು ಕಾಫಿ ತೋಟದ ಲೈನಿಗೆ. ಲೈನ್ ಅಂದರೆ ಕೆಲಸದವರಿಗೆ ತೋಟದವರು ಕೊಡುವ ಸಾಲು ಮನೆ. ಒಂದೇ ಗೋಡೆಗೆ ಆ ಕಡೆ ಅವರು, ಈ ಕಡೆ ನಾವು. ಅಲ್ಲಿಂದ ಎಷ್ಟು ತೋಟ, ಎಷ್ಟು ಲೈನು ಬದಲಾಯಿಸಿದೆವೋ ಲೆಕ್ಕವಿಲ್ಲ. ಹಾಜರಿ ಹಾಕುವ ರೈಟರು ಸಾಯಂಕಾಲ ಬಂದು, "ಕೆಳಗಿನ ಲೈನಲ್ಲಿ ಒಂದು ಮನೆ ಖಾಲಿ ಆಗಿದೆ, ನೀವು ಹೋಗಿ" ಅಂದರೆ ಮಾರನೆಯ ದಿನ ಬೆಳಕು ಹರಿಯುವ ಮೊದಲೇ ಹೋಗಿ ಒಲೆ ಹಚ್ಚಬೇಕು. ಯಾರ ಒಲೆ ಹತ್ತಿತೋ ಅವರದ್ದು ಮನೆ. ಬಿಟ್ಟು ಹೋಗುವವರು ಒಲೆಗೆ ನೀರು ಹೊಯ್ದು ಹೋಗಬೇಕು. ಇಷ್ಟೇ ಕಾನೂನು. ಒಂದು ಸಲ ನಾವು ಕೋಳಿ ಹಿಡಿಯುವುದರಲ್ಲಿ ತಡ ಮಾಡಿದೆವು. ಹೋಗಿ ನೋಡಿದರೆ ನಮಗೆ ಹೇಳಿದ ಮನೆಯ ಹೊಸ್ತಿಲ ಮೇಲೆ ಇನ್ನೊಬ್ಬಳು ತಲೆ ಬಾಚಿಕೊಳ್ಳುತ್ತಾ ಕೂತಿದ್ದಾಳೆ, ಹಿಂದೆ ಹೊಗೆ ಏಳುತ್ತಿದೆ. ತಲೆ ಮೇಲಿನ ಗಂಟು ಇಳಿಸದೆ ಹಾಗೇ ತಿರುಗಿ ಬಂದೆ. ಆವತ್ತಿನಿಂದ ಖಾಲಿ ಮನೆ ಅಂದರೆ ನನಗೆ ಎದೆ ಹೊಡೆದುಕೊಳ್ಳುತ್ತದೆ.

ಆಮೇಲೆ ಸುಂಟಿಕೊಪ್ಪದ ಹತ್ತಿರ ಪೈಸಾರಿಯಲ್ಲಿ, ಅಂದರೆ ಸರಕಾರದ ಖಾಲಿ ಜಾಗದಲ್ಲಿ, ಒಂದು ಗುಡಿಸಲು ಹಾಕಿಕೊಂಡೆವು. ಅದಕ್ಕೆ ಹಕ್ಕುಪತ್ರ ಬರುವಷ್ಟರಲ್ಲಿ ಮಗನಿಗೆ ಮೀಸೆ ಬಂದಿತ್ತು. ಈಗ ಅದೇ ಜಾಗದಲ್ಲಿ ಹೆಂಚಿನ ಮನೆ ಇದೆ. ಮಗ ಪಿಕಪ್ ಓಡಿಸುತ್ತಾನೆ, ಸೊಸೆ ತೋಟಕ್ಕೆ ಹೋಗುತ್ತಾಳೆ. ಅವರಿಗೆ ಒಬ್ಬಳೇ ಮಗಳು. ಮಡಿಕೇರಿಯಲ್ಲಿ ಬಿ.ಕಾಂ. ಮುಗಿಸಿ ಕುಶಾಲನಗರದ ಒಂದು ಆಫೀಸಿನಲ್ಲಿ ಲೆಕ್ಕದ ಕೆಲಸಕ್ಕೆ ಸೇರಿದಳು. ಸೇರಿ ಸಂಬಳ ಕಂಡಳೋ ಇಲ್ಲವೋ, ಜಾಗ ತಗೋಬೇಕು, ಮನೆ ತಗೋಬೇಕು ಅಂತ ಶುರು ಮಾಡಿದಳು.

"ಇದಕ್ಕೆ ಇನ್ವೆಸ್ಟ್‌ಮೆಂಟ್ ಅಂತಾರೆ ಅಜ್ಜಿ. ದುಡ್ಡನ್ನ ಸುಮ್ನೆ ಇಟ್ರೆ ಕರಗಿ ಹೋಗುತ್ತೆ. ಜಾಗದ ಮೇಲೆ ಹಾಕಿದ್ರೆ ಬೆಳೆಯುತ್ತೆ."

"ಏನು ಬೆಳೆಯುತ್ತೆ ಮಗ? ಕಾಫಿನಾ, ಮೆಣಸಾ?"

"ಏನೂ ಬೆಳೆಯೋದು ಬೇಡ. ಸುಮ್ನೆ ಇದ್ರೆ ಸಾಕು, ಬೆಲೆ ಏರುತ್ತೆ."

ನಮ್ಮ ಯಜಮಾನರು ಜಗುಲಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರು. "ನೋಡೇ, ಸುಮ್ನೆ ಇದ್ರೆ ಬೆಲೆ ಏರುತ್ತಂತೆ. ನಾನು ಎಷ್ಟು ವರ್ಷದಿಂದ ಸುಮ್ನೆ ಕೂತಿದ್ದೀನಿ, ಯಾರಾದ್ರೂ ಕೇಳಿದ್ರಾ?" ಅಂದರು.

ರಜೆ ಇದ್ದ ದಿನವೆಲ್ಲ ಅವಳು ಜಾಗ ನೋಡಲು ತಿರುಗಿದಳು. ಒಂದಕ್ಕೆ ದಾರಿ ಇಲ್ಲ. ಒಂದರಲ್ಲಿ ಅಣ್ಣ ತಮ್ಮಂದಿರ ಜಗಳ, ಅಣ್ಣ ಕೊಡುತ್ತೇನೆ ಅಂದರೆ ತಮ್ಮ ಕತ್ತಿ ಹಿಡಿದು ಬರುತ್ತಾನೆ. ಒಂದು ಜಾಗ ಬಹಳ ಚಂದ ಇತ್ತು, ಆದರೆ ಆನೆ ದಾಟುವ ದಾರಿ. ಕೊನೆಗೆ ಸುಂಟಿಕೊಪ್ಪದಲ್ಲೇ ಅಂಗಡಿ ಸಾಲಿನ ಹಿಂದೆ ಎರಡು ಕೋಣೆ, ಒಂದು ಅಡಿಗೆ ಮನೆ, ಹಿತ್ತಿಲಲ್ಲಿ ಒಂದು ಹಲಸಿನ ಮರ ಇರುವ ಹಳೆಯ ಮನೆ ಸಿಕ್ಕಿತು. ಮನೆಯವರು ಊರು ಬಿಟ್ಟು ಎಷ್ಟೋ ವರ್ಷವಾಗಿ ಬೀಗ ಬಿದ್ದಿತ್ತು. ಅಪ್ಪ ಮಗಳು ಇಬ್ಬರ ಹೆಸರಲ್ಲಿ ಬ್ಯಾಂಕಿನ ಸಾಲ, ಸೊಸೆಯ ಕುತ್ತಿಗೆಯ ಸರ, ಹುಡುಗಿ ಉಳಿಸಿದ್ದು, ಎಲ್ಲ ಸೇರಿ ಮನೆ ಬಂತು.

ಮಗನಿಗೆ ಮನಸ್ಸು ಪೂರ್ತಿ ಇರಲಿಲ್ಲ. ರಿಜಿಸ್ಟ್ರಿ ಮುಗಿಸಿ ಬಂದ ಸಾಯಂಕಾಲ ಊಟಕ್ಕೆ ಕೂತಾಗ ಹೇಳಿದ, "ನೋಡು ಮಗ, ಕುಯ್ಲು ಮುಗಿಯೋವರೆಗೆ ನಿಮ್ಮಮ್ಮಂಗೆ ದುಡಿಮೆ ಇದೆ, ನನಗೆ ಕಾಫಿ ಮೂಟೆ ಲೋಡಿದೆ, ಬ್ಯಾಂಕಿಗೆ ಕಟ್ತೀವಿ. ಅಷ್ಟರೊಳಗೆ ಬಾಡಿಗೆ ಬರೋಕೆ ಶುರು ಆಗಬೇಕು. ಆಗಲಿಲ್ಲ ಅಂದ್ರೆ ಮಾರಿಬಿಡೋದು. ಆಮೇಲೆ ಈ ಮಾತು ಎತ್ತಬಾರದು."

"ಆಯ್ತು ಅಪ್ಪ" ಅಂದಳು. ಅನ್ನ ಕಲೆಸುತ್ತಿದ್ದ ಕೈ ನಿಂತಿತ್ತು.

ಆ ಮಾತನ್ನು ನಾನೂ ಕೇಳಿದೆ. ನನಗೆ ಅರ್ಥವಾದದ್ದು ಹೀಗೆ. ಹೊಸ ಮನೆ ಗಟ್ಟಿಮುಟ್ಟಾಗಿದೆ, ಪೇಟೆಯಲ್ಲಿದೆ, ಅಲ್ಲಿಗೆ ನಾವು ಹೋಗುತ್ತೇವೆ. ನಮ್ಮ ಹಳೆಯ ಮನೆಯನ್ನು ಬಾಡಿಗೆಗೆ ಕೊಡುತ್ತೇವೆ. ಒಳ್ಳೆಯದನ್ನು ತಾನು ಇಟ್ಟುಕೊಂಡು ಹಳೆಯದನ್ನು ಇನ್ನೊಬ್ಬರಿಗೆ ಕೊಡುವುದು ಲೋಕದಲ್ಲಿ ಇರುವುದೇ ಅಲ್ಲವೇ? ಒಳ್ಳೆಯ ಮನೆ ತಗೊಂಡು, ಬಣ್ಣ ಬಳಿದು, ಅದನ್ನು ಬೇರೆಯವರಿಗೆ ಕೊಟ್ಟು, ತಾವು ಹಳೆಯದರಲ್ಲೇ ಇರುವವರನ್ನು ನಾನು ಕಂಡಿರಲಿಲ್ಲ. ಆದ್ದರಿಂದ ಕೇಳಲೂ ಇಲ್ಲ.

ಹೊಸ ಮನೆಗೆ ವೈರ್ ಎಳೆಸಿದರು, ಹೆಂಚು ತಿರುಗಿಸಿದರು, ಬಿಳೀ ಬಣ್ಣ ಹೊಡೆಸಿದರು. ಎಲ್ಲ ಮುಗಿದರೂ ನಮ್ಮ ಮನೆಯಲ್ಲಿ ಯಾರೂ ಗಂಟು ಕಟ್ಟುವ ಮಾತೇ ಎತ್ತುವುದಿಲ್ಲ. ಸೊಸೆಗೆ ಕುಯ್ಲು, ಮಗನಿಗೆ ಲೋಡು. ಹುಡುಗಿ ಮಾತ್ರ ದಿನಾ ಸಾಯಂಕಾಲ ಬಂದು ಬ್ಯಾಗ್ ಬಿಸಾಕಿ, "ಇವತ್ತೂ ಆಗಲಿಲ್ಲ" ಅಂದು ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಹೇಗೆ ಆಗಬೇಕು? ನಾವು ಇಲ್ಲಿಂದ ಏಳದೆ ಈ ಮನೆಗೆ ಬಾಡಿಗೆಯವರು ಎಲ್ಲಿಂದ ಬರಬೇಕು? ಹೇಳಲಾರದೆ ಒಳಗೊಳಗೇ ಕೊರಗುತ್ತಿದೆ ಕೂಸು. ಸೊಸೆ ಹೋಗುವ ತೋಟದಲ್ಲಿ ಕುಯ್ಲು ಮುಗಿಯುತ್ತಾ ಕೊನೆ ಪಟ್ಟೆಗೆ ಬಂದಿತ್ತು. ಶನಿವಾರ ಹುಡುಗಿ, "ನಾಳೆ ಏನಾದ್ರೂ ಒಂದು ಆಗಿಬಿಡುತ್ತೆ ಅಜ್ಜಿ" ಅಂದಳು. ಆಗಿಬಿಡಲಿ, ನಾನೇ ಮಾಡುತ್ತೇನೆ ಅಂದುಕೊಂಡೆ.

ಭಾನುವಾರ ಮಗ ನಸುಕಿನಲ್ಲೇ ಲೋಡು ತೆಗೆದುಕೊಂಡು ವಿರಾಜಪೇಟೆಗೆ ಹೋದ. ಸೊಸೆ ಕುಯ್ಲಿಗೆ ಹೋದಳು. ಹುಡುಗಿ ತಲೆ ಬಾಚಿ, ಒಳ್ಳೆಯ ಚೂಡಿದಾರ ಹಾಕಿಕೊಂಡು ಕುಶಾಲನಗರದ ಬಸ್ಸು ಹತ್ತಿದಳು. ಮೂವರೂ ಹೋದ ಮೇಲೆ ನಾನು ಗಂಟು ಕಟ್ಟಲು ಕೂತೆ. ಅಕ್ಕಿ, ಉಪ್ಪು, ಖಾರದ ಪುಡಿ, ದೀಪ, ಹೊಸ ಪೊರಕೆ, ಒಂದು ತಂಬಿಗೆ ಹಾಲು, ಪಾತ್ರೆ, ರೊಟ್ಟಿ ಸುಡುವ ಕಾವಲಿ. ಬುಟ್ಟಿಯಲ್ಲಿ ಹೇಂಟೆಗಳು, ಬೇರೆ ಚೀಲದಲ್ಲಿ ಹುಂಜ.

"ಮಗನಿಗೆ ಹೇಳಿದ್ದೀಯಾ?" ಅಂದರು ಯಜಮಾನರು.

"ಲೈನಲ್ಲಿದ್ದಾಗ ಯಾರಿಗೆ ಹೇಳಿ ಹೋಗ್ತಿದ್ವಿ?"

"ಅಲ್ಲಿ ರೈಟರು ಹೇಳ್ತಿದ್ರು."

"ಇಲ್ಲಿ ನಾನು ಹೇಳ್ತಿದ್ದೀನಿ. ಹುಂಜ ಹಿಡ್ಕೊಳ್ಳಿ."

ಹಿಡಿದುಕೊಂಡರು. ಪಕ್ಕದ ಮನೆಯವಳಿಗೆ ಹೋಗಿ ಬರುತ್ತೇನೆ ಅಂದೆ. ಅವಳು ಸೆರಗು ಕಣ್ಣಿಗೆ ಒತ್ತಿಕೊಂಡು ಒಳಗೆ ಹೋಗಿ, ಕಾಡುಮಾವಿನ ಉಪ್ಪಿನಕಾಯಿಯ ಬಾಟಲಿ ಪೂರ್ತಿ ತಂದು ಕೊಟ್ಟಳು. ಆಟೋದವನು ಬುಟ್ಟಿ ನೋಡಿ, "ಅಜ್ಜಾ, ಕೋಳಿಗೂ ಚಾರ್ಜ್ ಆಗುತ್ತೆ" ಅಂದ. "ಹುಂಜಕ್ಕೆ ಮಾತ್ರ ತಗೋ, ಉಳಿದವು ಲೇಡೀಸು" ಅಂದರು ಇವರು.

ಮೊಳೆಗೆ ನೇತು ಹಾಕಿದ್ದ ಎರಡನೇ ಬೀಗದ ಕೈ ನನ್ನ ಸೊಂಟದಲ್ಲಿತ್ತು. ಬಾಗಿಲು ತೆಗೆದರೆ ಹೊಸ ಬಣ್ಣದ ವಾಸನೆಯ ಕೆಳಗೆ ಹಳೆಯ ಮುಗ್ಗಲು ವಾಸನೆ. ಕಿಟಕಿ ಎಲ್ಲ ತೆರೆದು, ಗುಡಿಸಿ, ಉಪ್ಪು ಒಳಗಿಟ್ಟು, ದೀಪ ಹಚ್ಚಿದೆ. ರಿಪೇರಿಯಲ್ಲಿ ಉಳಿದಿದ್ದ ಮೂರು ಇಟ್ಟಿಗೆ ಅಡಿಗೆ ಮನೆಯ ನೆಲದ ಮೇಲಿಟ್ಟು, ಹಲಸಿನ ಮರದ ಕೆಳಗಿನ ಪುಳ್ಳೆ ತಂದು ಬೆಂಕಿ ಮಾಡಿ, ಹಾಲಿನ ಪಾತ್ರೆ ಇಟ್ಟೆ. ಹೊಗೆ ತುಂಬಿತು. ಬಿಳೀ ಗೋಡೆಯ ಮೇಲೆ ಕಪ್ಪು ನಾಲಿಗೆಯ ಹಾಗೆ ಮಸಿ ಏರಿತು. ಅಡಿಗೆ ಮನೆ ಅಂದ ಮೇಲೆ ಮಸಿ ಇಲ್ಲದೆ ಇರುತ್ತದೆಯೇ ಅಂದುಕೊಂಡೆ. ಹಾಲು ಉಕ್ಕಿ ನಾಲ್ಕು ಕಡೆಗೂ ಸುರಿಯಿತು. ನನ್ನ ಕಣ್ಣಿನಲ್ಲೂ ನೀರು ಬಂತು, ಅದು ಹೊಗೆಗೋ ಸಂತೋಷಕ್ಕೋ ಗೊತ್ತಿಲ್ಲ.

ಅದೇ ಹೊತ್ತಿಗೆ ಜಗುಲಿಯಲ್ಲಿ ಹುಡುಗಿಯ ದನಿ ಕೇಳಿಸಿತು. ಆಫೀಸಿನಲ್ಲಿ ಮಾತಾಡುವ ಹಾಗೆ ನಯವಾಗಿ, "ಬನ್ನಿ ಸರ್, ಈಗ ಪೂರ್ತಿ ಹೊಸದು ಮಾಡ್ಸಿದ್ದೀವಿ, ಗಾಳಿ ಬೆಳಕು ಎಲ್ಲ ಚೆನ್ನಾಗಿದೆ..." ಅನ್ನುತ್ತಾ ಒಳಗೆ ಬಂದವಳು ಬುಟ್ಟಿಯಿಂದ ಇಣುಕುತ್ತಿದ್ದ ಹೇಂಟೆ ನೋಡಿ ನಿಂತುಬಿಟ್ಟಳು.

"ಅಜ್ಜಿ?"

"ಬಾ ಮಗ, ಬಾ! ಹಾಲು ಉಕ್ಕಿತು. ಇನ್ನು ನೀನು ಯೋಚನೆ ಮಾಡ್ಬೇಡ, ನಾವು ಬಂದಾಯ್ತು!"

ಅವಳ ಹಿಂದೆ ನಾಲ್ಕು ಜನ. ಕುಶಾಲನಗರದ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗ, ಮಗು ಎತ್ತಿಕೊಂಡ ಅವನ ಹೆಂಡತಿ, ಬಿಳೀ ಮುಂಡು ಉಟ್ಟ ಅವನ ತಾಯಿ. ಮಲಯಾಳದವರು, ಆದರೆ ಇಲ್ಲೇ ಹುಟ್ಟಿ ಬೆಳೆದವರು.

"ಖಾಲಿ ಮನೆ ಅಂದಿದ್ರಲ್ಲ. ಇಲ್ಲಿ ಜನ ಇದ್ದಾರೆ" ಅಂದ ಆ ಹುಡುಗ.

"ಕೋಳಿನೂ ಇದೆ" ಅಂದಳು ಹೆಂಡತಿ. "ಬೇರೆಯವರಿಗೆ ಕೊಟ್ಟಾಗಿದೆ ಅನ್ಸುತ್ತೆ. ನಡೀರಿ."

"ಇಲ್ಲ ಮೇಡಂ, ಇವರು ನಮ್ಮಜ್ಜಿ, ಅದು ಏನಂದ್ರೆ..." ಅಂದಳು ಹುಡುಗಿ.

ನಾನು ಸಹಾಯ ಮಾಡೋಣ ಅಂತ ಹೋದೆ. "ನಿಮಗೆ ಬಾಡಿಗೆಗೆ ಮನೆ ಬೇಕಾ? ನಮ್ಮ ಹಳೇ ಮನೆ ಇದೆಯಲ್ಲ! ಹಾಲು ಕುಡೀರಿ, ಆಮೇಲೆ ಕರ್ಕೊಂಡು ಹೋಗಿ ತೋರಿಸ್ತೀನಿ."

ಹುಡುಗಿ ಹೊಸ್ತಿಲ ಮೇಲೆ ಕುಸಿದು ಕೂತಳು. "ಆ ಮನೆ ಬಾಡಿಗೆಗೆ ಯಾರು ಬರ್ತಾರೆ ಅಜ್ಜಿ? ಕಕ್ಕಸಿಗೆ ಬಾಗಿಲೇ ಇಲ್ಲ! ಬಾಡಿಗೆಗೆ ಕೊಡೋದು ಇದನ್ನ. ಅದಕ್ಕೆ ಅಂತಾನೇ ತಗೊಂಡಿದ್ದು. ಎಷ್ಟು ಜನ ನೋಡಿ ಬೇಡ ಅಂದ್ರು, ಇವರೇ ಕೊನೆಯವರು. ಇವರೂ ಹೋದ್ರೆ ಅಪ್ಪ ಮಾರಿಬಿಡ್ತಾರೆ." ಮುಖ ಮುಚ್ಚಿಕೊಂಡು ಅತ್ತಳು. ಕಾಲೇಜು ಮುಗಿಸಿದ ಹುಡುಗಿ, ಬ್ಯಾಂಕಿನವರ ಮುಂದೆ ಕಾಗದ ತಿರುವಿ ಮಾತಾಡಿದವಳು, ಚಿಕ್ಕವಳಿದ್ದಾಗ ಚಪ್ಪಲಿ ತೋಡಿನ ನೀರಿಗೆ ಬಿದ್ದರೆ ಅಳುತ್ತಿದ್ದ ಹಾಗೇ ಅತ್ತಳು.

ಈ ಮನೆಯನ್ನೇ? ಒಳ್ಳೆಯದನ್ನೇ ಕೊಡುವುದೇ? ಚೀಲದೊಳಗಿನ ಹುಂಜ ಆಗಲೇ ಕೂಗಬೇಕಿತ್ತಾ, ಕೂಗಿತು.

ಆ ಹುಡುಗನ ತಾಯಿ ಮಾತ್ರ ಯಾರ ಕಡೆಯೂ ನೋಡದೆ ಅಡಿಗೆ ಮನೆಗೆ ಹೋಗಿ ಪಾತ್ರೆಯೊಳಗೆ ಬಗ್ಗಿ ನೋಡಿದರು. "ಪಾಲು ಕಾಚಿಯೋ?" ಅಂದರು. ಹಾಲು ಕಾಯಿಸಿದಿರಾ ಅಂತ. ಲೈನಿನಲ್ಲಿ ಬದುಕಿದವಳಿಗೆ ಎಲ್ಲ ಭಾಷೆಯೂ ಕಿವಿಗೆ ಬಿದ್ದಿರುತ್ತದೆ. ಹೌದು ಅಂದೆ.

"ನಮ್ಮಲ್ಲೂ ಅದೇ ಪದ್ಧತಿ" ಅಂದರು. "ಮನೆಯಲ್ಲಿ ಇರುವವರು ಮೊದಲ ಹಾಲು ಕಾಯಿಸ್ಬೇಕು. ಈಗ ನಿಮ್ಮ ಹಾಲು ಉಕ್ಕಿ ಆಯ್ತಲ್ಲ. ಇನ್ನು ನಾವು ಹೇಗೆ ಬರೋದು?"

ಹುಡುಗಿಯ ಅಳು ಥಟ್ಟನೆ ನಿಂತಿತು. ಬಣ್ಣ, ವೈರು, ಗಾಳಿ, ಬೆಳಕು, ಅವಳಿಗೆ ಗೊತ್ತಿದ್ದ ಯಾವ ಮಾತೂ ಇದಕ್ಕೆ ಉತ್ತರವಲ್ಲ. ನನಗೆ ಗೊತ್ತಿದ್ದದ್ದೂ ಒಂದೇ. ನಾನು ಉರಿಯುತ್ತಿದ್ದ ಪುಳ್ಳೆ ಎಳೆದೆ. ಕೊಡದ ನೀರು ಹೊಯ್ದೆ. ಚುಂಯ್ ಅಂದು ಆರಿತು. ಇಟ್ಟಿಗೆ ಎತ್ತಿ ಹಿತ್ತಿಲಿಗೆ ಹಾಕಿದೆ, ನೆಲ ತೊಳೆದೆ, ಉಪ್ಪು ಹೊರಗೆ ತಂದೆ, ದೀಪ ಹೊರಗೆ ತಂದೆ. ಯಜಮಾನರಿಗೆ ಹೇಳುವುದೇ ಬೇಕಾಗಲಿಲ್ಲ. ಬುಟ್ಟಿ ಹೊತ್ತು, ಹುಂಜ ಹಿಡಿದು ಗೇಟಿನ ಆಚೆ ಹೋಗಿ ನಿಂತರು. ನಾನೂ ಹೋಗಿ ಅವರ ಪಕ್ಕ ನಿಂತೆ.

"ಚೇಚಿ, ನಾವು ಒಲೆ ಆರಿಸಿ ಹೊರಟ್ವಿ" ಅಂದೆ ಅಲ್ಲಿಂದಲೇ, ಮಲಯಾಳದಲ್ಲಿ ಅಕ್ಕ ಅನ್ನುವ ಹಾಗೆ. "ಲೈನಿನ ಲೆಕ್ಕದಲ್ಲಿ ಈ ಮನೆ ಈಗ ಖಾಲಿ. ಯಾರು ಒಲೆ ಹಚ್ತಾರೋ ಅವರದ್ದು. ನೀವು ಹಚ್ಚಿ."

ಚೇಚಿ ಕಿಟಕಿಯಿಂದ ನಮ್ಮಿಬ್ಬರನ್ನು ನೋಡಿದರು. ರಸ್ತೆಯಲ್ಲಿ ಗಂಟು ಮೂಟೆ, ಹುಂಜ ಹಿಡಿದ ಮುದುಕ, ಪೊರಕೆ ಹಿಡಿದ ಮುದುಕಿ. ನಗು ಬಂತು ಅವರಿಗೆ. ಹೆಗಲ ಮೇಲಿನ ಬಟ್ಟೆಯ ತುದಿಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. "ಯಾವ ಲೈನು?" ಅಂದರು. "ಚೆಟ್ಟಳ್ಳಿ ಕಡೆ" ಅಂದೆ. "ನನ್ನಮ್ಮನೂ ಲೈನಲ್ಲೇ ಇದ್ದದ್ದು. ಒಲೆ ಆರಿಸದೆ ಹೋದವರಿಗೆ ಬೈತಿದ್ದರು" ಅಂದವರೇ ನನ್ನ ಮೊಮ್ಮಗಳ ಕಡೆ ತಿರುಗಿ, "ಏ ಹುಡುಗಿ, ಅಳ್ತಾ ಕೂತರೆ ಹಾಲು ಯಾರು ತರ್ತಾರೆ? ಓಡು" ಅಂದರು.

ಓಡಿದಳು! ಚಪ್ಪಲಿ ಹಾಕದೆ ಅಂಗಡಿಗೆ ಓಡಿ ಹಾಲಿನ ಪ್ಯಾಕೆಟ್ ತಂದಳು. ಚೇಚಿ ಹಿತ್ತಿಲಿನಿಂದ ತಾವೇ ಇಟ್ಟಿಗೆ ತಂದು, ತಾವೇ ಬೆಂಕಿ ಹಚ್ಚಿ, ತಮ್ಮ ಸೊಸೆಯ ಕೈಯಲ್ಲಿ ಹಾಲು ಹೊಯ್ಯಿಸಿದರು. ನಾವು ಗೇಟಿನ ಹೊರಗಿಂದ ಕುತ್ತಿಗೆ ಉದ್ದ ಮಾಡಿ ನೋಡಿದೆವು. ಹುಡುಗಿಯ ತುಟಿ ಏನೋ ಬೇಡಿಕೊಳ್ಳುತ್ತಿತ್ತು. ಹಾಲು ಏರಿತು, ಇಳಿಯಿತು, ಮತ್ತೆ ಏರಿ ಉಕ್ಕಿತು.

"ಇನ್ನು ನೀವು ಒಳಗೆ ಬರಬಹುದು" ಅಂತ ಚೇಚಿ ನಮ್ಮನ್ನು ಕರೆದರು. ನಮ್ಮ ಮನೆಗೆ ನಮ್ಮನ್ನೇ ಕರೆದರು! ಹೋಗಿ ಹಾಲು ಕುಡಿದೆವು. ಗೋಡೆಯ ಮಸಿ ಒರೆಸಿಕೊಡುತ್ತೇನೆ ಅಂತ ಹುಡುಗಿ ಬಟ್ಟೆ ಹುಡುಕುತ್ತಿದ್ದಳು. ಚೇಚಿ ಬೇಡ ಅಂದರು. ಅವರ ಮಗ ಹಿಂದೆ ಒಮ್ಮೆ ಬಂದು ನೋಡಿ, ಮುಚ್ಚಿಟ್ಟ ಪೆಟ್ಟಿಗೆಯ ವಾಸನೆ, ಮಗು ಇರುವವರಿಗೆ ಆಗುವುದಿಲ್ಲ ಅಂದಿದ್ದನಂತೆ. "ಈಗ ಜನ ಇರುವ ಮನೆಯ ವಾಸನೆ ಬರ್ತಿದೆ. ನನಗೆ ಸಾಕು" ಅಂದರು. ಹೋಗುವಾಗ ಒಂದು ಮಾತು ಕೇಳಿದರು, ಹೇಂಟೆಗಳನ್ನು ಹಿತ್ತಿಲಲ್ಲೇ ಬಿಟ್ಟು ಹೋಗಬಹುದಾ ಅಂತ. "ಹುಂಜ ಬೇಡ. ಮಗು ಏಳುತ್ತೆ."

ಹುಡುಗಿ ಅಪ್ಪನಿಗೆ ಫೋನ್ ಮಾಡಿದಳು. ಏನು ಹೇಳಿದಳೋ, ನಗುತ್ತಿದ್ದಳೋ ಅಳುತ್ತಿದ್ದಳೋ, ಮಗನಿಗೆ ನಾವೆಲ್ಲ ಎಲ್ಲಿದ್ದೇವೆ ಅನ್ನುವುದೊಂದು ಬಿಟ್ಟು ಏನೂ ಗೊತ್ತಾಗಲಿಲ್ಲವಂತೆ. ಸಾಯಂಕಾಲ ತೋಟದ ಹತ್ತಿರ ಸೊಸೆಯನ್ನು ಹತ್ತಿಸಿಕೊಂಡು ಪಿಕಪ್ ತಂದು ನಿಲ್ಲಿಸಿದ.

"ಅವ್ವಾ, ಒಂದು ಫೋನ್ ಮಾಡೋಕೆ ಆಗಲಿಲ್ವಾ?"

"ಫೋನು ಅಕ್ಕಿ ಗಂಟಿನೊಳಗೆ ಹೋಗಿತ್ತು ಮಗ."

ಸೊಸೆ ಕಾಫಿ ಹಣ್ಣಿನ ಅಂಟಿನ ಕೈಯನ್ನೇ ಸೊಂಟಕ್ಕೆ ಇಟ್ಟು ಸಾಮಾನು ನೋಡಿದಳು. "ಈಗ ಇದನ್ನೆಲ್ಲ ಮನೆಗೆ ಹೊತ್ಕೊಂಡು ಹೋಗಿ ನಾನು ಯಾವಾಗ ಅಡಿಗೆ ಮಾಡ್ಲಿ ಅತ್ತೆ? ಅಕ್ಕಿ ಇಲ್ಲಿದೆ, ಕಾವಲಿ ಇಲ್ಲಿದೆ. ಇಲ್ಲೇ ಮಾಡೋಣ." ಅಡಿಗೆ ಮನೆ ಕಡೆ ಹೊರಟವಳನ್ನು ನಾನು ಸೆರಗು ಹಿಡಿದು ನಿಲ್ಲಿಸಿದೆ. ಒಳಗಿನ ಒಲೆ ಈಗ ಅವರದ್ದು. ಹಲಸಿನ ಮರದ ಕೆಳಗೆ ಬೇರೆ ಕಲ್ಲು ಹೂಡಿದೆವು.

ಹುಂಜವನ್ನು ಏನು ಮಾಡುವುದು ಅಂತ ಯಾರೂ ಕೇಳಲಿಲ್ಲ. "ಆಟೋ ಚಾರ್ಜ್ ಕೊಟ್ಟು ತಂದಿದ್ದೀನಿ, ವಾಪಸ್ ಚಾರ್ಜ್ ಕೊಡಲ್ಲ" ಅಂದರು ಯಜಮಾನರು.

ಬಾಳೆ ಎಲೆ ಹಾಸಿಕೊಂಡು ಐದು ಜನವೂ ಜಗುಲಿಯಲ್ಲಿ ಕೂತೆವು. ಅಕ್ಕಿ ರೊಟ್ಟಿ, ಕೋಳಿ ಸಾರು. ಸೊಸೆ ಉಪ್ಪಿನಕಾಯಿ ಬಾಟಲಿ ಎಲ್ಲಿಂದ ಬಂತು ಅಂದಳು. ಹೇಳಿದೆ. ನಾಳೆ ಆ ಪಕ್ಕದ ಮನೆಯವಳು ನನ್ನ ಮುಖ ನೋಡಿದ ಕೂಡಲೇ ವಾಪಸ್ ಕೇಳುತ್ತಾಳೆ, ಈಗಲೇ ಮುಗಿಸಿ ಅಂದೆ. ಎಲ್ಲರ ಎಲೆಗೂ ಬಿತ್ತು. ಮಗ ಮಾರುವ ಮಾತು ಎತ್ತಲಿಲ್ಲ. ಸಾರಿನಲ್ಲಿ ಕೈ ಆಡಿಸಿ ಕಾಲಿನ ತುಂಡು ಹುಡುಕಿ ಮಗಳ ಎಲೆಗೆ ಹಾಕಿದ. ಹಾಕಿ, "ಬುಧವಾರ ಎಷ್ಟೊತ್ತಿಗಂತೆ? ಸಾಮಾನು ಸಾಗಿಸೋಕೆ ಗಾಡಿ ಬೇಕಾ ಕೇಳು" ಅಂದ. ಅವಳು ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ ತಲೆ ಆಡಿಸಿದಳು.

ನನಗೆ ತಡೆಯಲಾಗಲಿಲ್ಲ, ಹುಡುಗಿಯನ್ನು ಕೇಳಿದೆ. "ಮಗ, ಬೈಬೇಡ, ಒಂದು ಕೇಳ್ತೀನಿ. ಈಗ ಈ ಮನೆ ಯಾರದ್ದು?"

"ನಮ್ಮದೇ ಅಜ್ಜಿ."

"ಬುಧವಾರದ ಮೇಲೂ?"

"ಮೇಲೂ."

"ಹಾಗಾದ್ರೆ ನಾನು ಯಾವಾಗ ಬೇಕಾದ್ರೂ ಬರಬಹುದು?"

"ಬರಬಹುದು, ಚೇಚಿ ಕರೆದ್ರೆ."

ಎಲ್ಲರೂ ನಕ್ಕರು. ಯಜಮಾನರಿಗೆ ನಕ್ಕು ನಕ್ಕು ಕೆಮ್ಮು ಬಂತು. ನನಗೆ ತಲೆಬುಡ ತಿಳಿಯಲಿಲ್ಲ. ಆದರೆ ಸಾರು ಬಹಳ ಚೆನ್ನಾಗಿತ್ತು. ಹುಡುಗಿ ನನ್ನ ಪಕ್ಕಕ್ಕೆ ಸರಿದು ಕೂತು, ಕೇಳದಿದ್ದರೂ ನನ್ನ ಎಲೆಗೆ ಇನ್ನೊಂದು ರೊಟ್ಟಿ ಹಾಕಿದಳು.